ಕೆನಡಾದ ಮೂಲನಿವಾಸಿ ಯುವಜನರು ಮತ್ತು ಅನುದಾನದ ಪ್ರಶ್ನೆ

ಕೆನಡಾ ದೇಶದ ಮೂಲ ಜನಾಂಗಗಳನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವರಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ಕನ್ನಡ ಬರಹಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 'ರೆಡ್ ಇಂಡಿಯನ್' ಎಂಬ ಹೆಸರು ಕೊಲಂಬಸನ ದಿಕ್ಕು ತಪ್ಪಿದ ಪಯಣದ ಕೊಡುಗೆ. 1982ರ ಕೆನಡಾ ಸಂವಿಧಾನ ಕಾಯಿದೆಯು ಇಂಡಿಯನ್, ಇನುಯಿಟ್ ಮತ್ತು ಮೆಟಿ ಎಂಬ ಮೂರು ಸಮುದಾಯಗಳನ್ನು ಗುರುತಿಸುತ್ತದೆ. ಮೊದಲನೆಯವರು ಇಂದು ತಮ್ಮನ್ನು 'ಫಸ್ಟ್ ನೇಷನ್ಸ್' ಎಂದು ಕರೆದುಕೊಳ್ಳುತ್ತಾರೆ. 'ಆದಿವಾಸಿ' ಎಂಬ ಪದಕ್ಕೆ ಭಾರತದ್ದೇ ಆದ ಚರಿತ್ರೆಯಿರುವುದರಿಂದ ಈ ಮೂವರಿಗೂ ಒಟ್ಟಾಗಿ 'ಮೂಲನಿವಾಸಿ' ಎಂಬ ಪದವನ್ನು ಬಳಸುವುದು ಹೆಚ್ಚು ಸೂಕ್ತ.

2021ರ ಜನಗಣತಿಯ ಪ್ರಕಾರ ಇವರ ಸಂಖ್ಯೆ ಸುಮಾರು 18 ಲಕ್ಷ; ದೇಶದ ಒಟ್ಟು ಜನಸಂಖ್ಯೆಯಲ್ಲಿ ಶೇಕಡ 5ರಷ್ಟು. ಇವರ ಸರಾಸರಿ ವಯಸ್ಸು 33.6 ವರ್ಷ, ಉಳಿದ ಕೆನಡಿಯನ್ನರದು 41.8. ಸಮುದಾಯ ಎಳೆಯದು, ಆದರೆ ಅದರ ಭಾಷೆಗಳು ಮುಪ್ಪಾಗುತ್ತಿವೆ. ಎಪ್ಪತ್ತಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿರುವ ಆ ದೇಶದಲ್ಲಿ, ಅವುಗಳಲ್ಲಿ ಒಂದರಲ್ಲಾದರೂ ಸಂಭಾಷಿಸಬಲ್ಲ ಮೂಲನಿವಾಸಿಗಳು ಕೇವಲ 2,37,420 ಮಂದಿ. 2016ರ ಗಣತಿಯಲ್ಲಿ ಕಂಡುದಕ್ಕಿಂತ ಇದು ಕಡಿಮೆ.

ಇದಕ್ಕೆ ಮುಖ್ಯ ಕಾರಣ ವಸತಿಶಾಲೆಗಳು. ಸರ್ಕಾರದ ಹಣದಿಂದ, ಚರ್ಚುಗಳ ಆಡಳಿತದಲ್ಲಿ, ನೂರು ವರ್ಷಗಳಿಗೂ ಮೀರಿ ನಡೆದ ಈ ಶಾಲೆಗಳಿಗೆ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಕಳುಹಿಸಲಾಯಿತು. ತಾಯ್ನುಡಿಯಲ್ಲಿ ಮಾತನಾಡಿದ ಮಗುವಿಗೆ ಅಲ್ಲಿ ಶಿಕ್ಷೆ ಕಾದಿರುತ್ತಿತ್ತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಈ ಅನ್ಯಾಯವನ್ನು ವಿಚಾರಿಸಲು 2008ರಲ್ಲಿ ರಚಿತವಾದ ಸತ್ಯ ಮತ್ತು ಸಂಧಾನ ಆಯೋಗವು, ಮರ್ರೆ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ, 2015ರಲ್ಲಿ 94 ಕರೆಗಳನ್ನು ಪ್ರಕಟಿಸಿತು. ಅವುಗಳಲ್ಲಿ 66ನೆಯದು ಚಿಕ್ಕದು. ವಿದ್ವಾಂಸರ ಕಣ್ಣಿಗೆ ಅಷ್ಟಾಗಿ ಬೀಳದೆ ಹೋದದ್ದು. ಸಮುದಾಯದ ನೆಲೆಯಲ್ಲಿ ಕೆಲಸ ಮಾಡುವ ಯುವಸಂಘಟನೆಗಳಿಗೆ ಕೇಂದ್ರ ಸರ್ಕಾರವು ಹಲವು ವರ್ಷಗಳ ಅನುದಾನವನ್ನು ಒದಗಿಸಬೇಕು, ಅವುಗಳ ನಡುವೆ ಒಂದು ರಾಷ್ಟ್ರೀಯ ಜಾಲವನ್ನು ಕಟ್ಟಬೇಕು ಎಂಬುದು ಅದರ ಸಾರ.

'ಹಲವು ವರ್ಷಗಳ' ಎಂಬ ವಿಶೇಷಣದಲ್ಲಿಯೇ ವಿಷಯದ ತಿರುಳಿದೆ. ಕೆನಡಾದ ಕೇಂದ್ರ ಸರ್ಕಾರದ ಆರ್ಥಿಕ ವರ್ಷವೂ ಭಾರತದಂತೆ ಏಪ್ರಿಲಿನಲ್ಲಿ ತೊಡಗಿ ಮಾರ್ಚಿಯಲ್ಲಿ ಮುಗಿಯುತ್ತದೆ. ಮಾರ್ಚಿಯೊಳಗೆ ಹಣ ಮುಗಿಸಿ ಲೆಕ್ಕ ಒಪ್ಪಿಸಬೇಕಾದ ಸಂಕಟ ಇಲ್ಲಿನ ವಿಶ್ವವಿದ್ಯಾಲಯಗಳ ವಿಭಾಗಗಳಿಗೆ ಹೊಸತೇನಲ್ಲ. ಅಜ್ಜಿಯೊಬ್ಬಳಿಂದ ಹತ್ತು ಮಂದಿ ತರುಣರು ಕ್ರೀ ಭಾಷೆಯನ್ನು ಕಲಿಯುವ ಕೆಲಸ ಮಾರ್ಚಿಗೆ ಮುಗಿಯುವಂಥದಲ್ಲ.

2017ರಲ್ಲಿ ಸಚಿವೆ ಕ್ಯಾರೊಲಿನ್ ಬೆನೆಟ್ ಈ ಕರೆಯನ್ನು ಜಾರಿಗೆ ತರುವ ಬಗೆಯನ್ನು ಸೂಚಿಸಲು ಮೂವರು ತರುಣ ಸಲಹೆಗಾರರನ್ನು ನೇಮಿಸಿದರು. ಮೆಟಿ ಸಮುದಾಯದ ಗೇಬ್ರಿಯಲ್ ಫಯಾಂಟ್, ಇನುಯಿಟ್ ಸಮುದಾಯದ ಮಾತಾಲೀ ಒಕಾಲಿಕ್, ಕ್ರೀ ಜನಾಂಗದ ಆಂಡ್ರೆ ಬೇರ್. ಇವರಲ್ಲಿ ಒಕಾಲಿಕ್ ರಾಷ್ಟ್ರೀಯ ಇನುಯಿಟ್ ಯುವಪರಿಷತ್ತಿನ ಅಧ್ಯಕ್ಷೆಯಾಗಿದ್ದವರು. ಬೇರ್ ಫಸ್ಟ್ ನೇಷನ್ಸ್ ಸಭೆಯ ಯುವಪರಿಷತ್ತಿನ ಸಹಾಧ್ಯಕ್ಷರಾಗಿದ್ದವರು. ಫಯಾಂಟ್ ಅವರ ಹಿನ್ನೆಲೆ ಬೇರೆ ಬಗೆಯದು. ಆಕೆ ಅಟಾವಾ ನಗರದಲ್ಲಿ ಗೆಳೆಯರೊಡನೆ 'ಏಳು ತಲೆಮಾರುಗಳ ಸಭೆ' ಎಂಬ ಸಣ್ಣ ಯುವಸಂಘಟನೆಯನ್ನು ಕಟ್ಟಿದವರು. ಅನುದಾನದ ಅರ್ಜಿಗಳೊಡನೆ ದಿನನಿತ್ಯ ಸೆಣಸಿದ ಅನುಭವವುಳ್ಳವರು. ಆ ಸಂಘಟನೆಯ ಹೆಸರೂ ಗಮನಾರ್ಹ. ಕನ್ನಡದಲ್ಲಿ 'ಏಳೇಳು ತಲೆಮಾರಿಗಾಗುವಷ್ಟು' ಎಂದರೆ ಕೂಡಿಟ್ಟ ಆಸ್ತಿಯ ನೆನಪು. ಹೌಡೆನೊಶೋನಿ ಮೊದಲಾದವರ ಚಿಂತನೆಯಲ್ಲಿ ಏಳು ತಲೆಮಾರು ಎಂಬುದು ಇಂದಿನ ತೀರ್ಮಾನಗಳ ಹೊಣೆಯನ್ನು ಅಳೆಯುವ ಮಾನದಂಡ.

ಇವರು ದೇಶದ ಹಲವೆಡೆಯ ಯುವಜನರ ಅಭಿಪ್ರಾಯಗಳನ್ನು ಸಂಗ್ರಹಿಸಿ 2018ರಲ್ಲಿ ವರದಿಯನ್ನು ಒಪ್ಪಿಸಿದರು. ಮುಂದಾಳುತನವು ಯುವಜನರ ಕೈಯಲ್ಲಿಯೇ ಇರಬೇಕೆಂಬುದು ಅದರ ಕೇಂದ್ರ ನಿಲುವು. ಇದು ಹೊಸ ವಾದವೇನೂ ಅಲ್ಲ. ಜೇಮ್ಸ್ ಕೊಲ್ಲಿಯ ಬಳಿಯ ಅಟ್ಟವಾಪಿಸ್ಕಾಟ್ ಎಂಬ ಕ್ರೀ ಊರಿನಲ್ಲಿ ನೆಲಕ್ಕಿಳಿದ ಡೀಸೆಲಿನಿಂದಾಗಿ 2000ದಲ್ಲಿ ಶಾಲೆ ಮುಚ್ಚಿತ್ತು. ಮಕ್ಕಳು ತಾತ್ಕಾಲಿಕ ಕೊಠಡಿಗಳಲ್ಲಿ ವರ್ಷಗಟ್ಟಲೆ ಓದುತ್ತಿದ್ದರು. ಶಾನೆನ್ ಕೂಸ್ಟಾಚಿನ್ ಎಂಬ ಬಾಲಕಿ 2008ರಲ್ಲಿ ರಾಜಧಾನಿಗೆ ಹೋಗಿ ಸಚಿವರೆದುರು ಶಾಲೆಯನ್ನು ಕೇಳಿದಳು. ಪ್ರೌಢಶಿಕ್ಷಣಕ್ಕಾಗಿ ಊರು ಬಿಟ್ಟು ದೂರದಲ್ಲಿದ್ದಾಗ, 2010ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡಳು, ವಯಸ್ಸು ಹದಿನೈದು. ಅವಳ ಬೇಡಿಕೆಯನ್ನು ಎತ್ತಿಹಿಡಿದ ನಿರ್ಣಯವು 2012ರಲ್ಲಿ ಸಂಸತ್ತಿನಲ್ಲಿ ಅವಿರೋಧವಾಗಿ ಅಂಗೀಕಾರವಾಯಿತು. ಊರಿನ ಹೊಸ ಶಾಲೆ ತೆರೆದದ್ದು 2014ರಲ್ಲಿ. ಕೇಳುವ ದನಿ ಅಲ್ಲಿ ಮೊದಲಿನಿಂದಲೂ ಇತ್ತು. ಇಲ್ಲದೇ ಇದ್ದುದು ಹಣದ ಮೇಲಿನ ಅಧಿಕಾರ.

ಆ ಅಧಿಕಾರವನ್ನು ಕಸಿದುಕೊಂಡದ್ದು ಕಾನೂನೇ ಎಂಬುದನ್ನು ಮರೆಯುವಂತಿಲ್ಲ. ಇಂಡಿಯನ್ ಕಾಯಿದೆಗೆ 1927ರಲ್ಲಿ ಸೇರಿಸಿದ ಒಂದು ವಿಧಿಯು, ಮೂಲನಿವಾಸಿಗಳ ಹಕ್ಕೊತ್ತಾಯದ ಸಲುವಾಗಿ ಸರ್ಕಾರದ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದನ್ನು ಅಪರಾಧವೆಂದು ಸಾರಿತ್ತು. ಆ ವಿಧಿ ರದ್ದಾದದ್ದು 1951ರಲ್ಲಿ.

2019ರ ಕೇಂದ್ರ ಮುಂಗಡಪತ್ರವು ಮೂರು ವರ್ಷಗಳಿಗೆ 1.52 ಕೋಟಿ ಡಾಲರುಗಳ ಪ್ರಾಯೋಗಿಕ ಯೋಜನೆಯೊಂದನ್ನು ಘೋಷಿಸಿತು. ಯುವಜನರ ರಾಷ್ಟ್ರೀಯ ಜಾಲ, ಸರ್ಕಾರದ ನೀತಿನಿರೂಪಣೆಯಲ್ಲಿ ಅವರ ದನಿ, ಊರೂರಿನ ಯುವಚಟುವಟಿಕೆಗಳಿಗೆ ನೆರವು ಇದರ ಉದ್ದೇಶಗಳು. ಹೊಣೆಯನ್ನು ಪಡೆದದ್ದು 'ಕೆನಡಿಯನ್ ರೂಟ್ಸ್ ಎಕ್ಸ್‌ಚೇಂಜ್' ಎಂಬ ಸಂಸ್ಥೆ. ಮೂಲನಿವಾಸಿ ಮತ್ತು ಇತರ ತರುಣರು ಪರಸ್ಪರರ ಊರುಗಳಿಗೆ ಹೋಗಿಬರುವ ಕಾರ್ಯಕ್ರಮವಾಗಿ ಹುಟ್ಟಿದ ಈ ಸಂಸ್ಥೆಯನ್ನು ಆಗ ಮುನ್ನಡೆಸುತ್ತಿದ್ದವರು ಕ್ರೀ ಜನಾಂಗದ ಮ್ಯಾಕ್ಸ್ ಫೈನ್‌ಡೇ. ಸಾಸ್ಕಾಚೆವಾನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಸಂಘದ ಮಾಜಿ ಅಧ್ಯಕ್ಷರು. ಮುಂದೆ ಸಂಸ್ಥೆಯು 'ಇಂಡಿಜಿನಸ್ ಯೂತ್ ರೂಟ್ಸ್' ಎಂದು ಹೆಸರು ಬದಲಿಸಿಕೊಂಡಿತು. ದೇಶದ ಹೆಸರಿದ್ದ ಸ್ಥಾನದಲ್ಲಿ ಜನರ ಹೆಸರು ಬಂದದ್ದು ಬರಿಯ ಅಲಂಕಾರವೆಂದು ತೋರುವುದಿಲ್ಲ. ಆಯೋಗವು ಕೇಳಿದ್ದು ಸಂಘಟನೆಗಳಿಗೆ ಒದಗುವ ಸ್ಥಿರ ನೆರವು. ದೊರೆತದ್ದು ಒಂದು ಸಂಸ್ಥೆಯ ಮೂಲಕ ಹರಿಯುವ ಮೂರು ವರ್ಷಗಳ ಪ್ರಯೋಗ. ಇದನ್ನು ಕರೆಯ ಪೂರೈಕೆ ಎನ್ನುವುದಕ್ಕಿಂತ ಅದರ ಆರಂಭ ಎನ್ನುವುದೇ ನ್ಯಾಯ.

ಸಹಭಾಗಿತ್ವದ ನಿಜವಾದ ಕಷ್ಟವಿರುವುದು ಲೆಕ್ಕಪತ್ರದ ಮಟ್ಟದಲ್ಲಿ. ಕೆನಡಾದ ಆದಾಯ ತೆರಿಗೆ ಕಾನೂನಿನಡಿ ದತ್ತಿಸಂಸ್ಥೆಗಳು ನೋಂದಾಯಿತ ದತ್ತಿಗಳು ಮೊದಲಾದ ಅರ್ಹ ಸಂಸ್ಥೆಗಳಿಗೆ ಮಾತ್ರ ನೇರವಾಗಿ ದಾನ ನೀಡಬಹುದಾಗಿತ್ತು. ಐದಾರು ಮಂದಿ ತರುಣರ ಗುಂಪಿಗೆ ನೋಂದಣಿ ಎಲ್ಲಿಂದ ಬರಬೇಕು? ದೊಡ್ಡ ಸಂಸ್ಥೆಯೊಂದರ ಆಸರೆಯಲ್ಲಿ ನಿಲ್ಲಬೇಕು, ಇಲ್ಲವೇ ದಾನಿಯ ಹಿಡಿತದಲ್ಲಿ, ದಾನಿಯದೇ ಕಾರ್ಯಕ್ರಮವೆಂಬಂತೆ ನಡೆಯಬೇಕು. 2022ರ ಜೂನ್ ತಿಂಗಳಲ್ಲಿ ಈ ಕಾನೂನಿಗೆ ತಿದ್ದುಪಡಿಯಾಯಿತು. ಹಣವು ದತ್ತಿಕಾರ್ಯಕ್ಕೇ ವಿನಿಯೋಗವಾಗುವುದೆಂದು ಖಚಿತಪಡಿಸಿಕೊಂಡು, ನೋಂದಣಿಯಿಲ್ಲದ ಗುಂಪಿಗೂ ಅನುದಾನ ನೀಡಲು ಈಗ ದತ್ತಿಸಂಸ್ಥೆಗೆ ಅವಕಾಶವಿದೆ. ಆ ಖಾತರಿಗಾಗಿ ಯಾವ ಕಾಗದಗಳನ್ನು ಕೇಳಬೇಕು, ಎಷ್ಟನ್ನು ಕೇಳಬೇಕು ಎಂಬುದನ್ನು ತೀರ್ಮಾನಿಸಬೇಕಾದವನು ಮಾತ್ರ ಇನ್ನೂ ದಾನಿಯೇ.