ತಟ್ಟೆಯ ಮುಂದಿನ ‘ನಾವು’: ಬೈರಮಂಗಲದ ಆಹಾರ ಕುರಿತ ಸಾಕ್ಷ್ಯಚಿತ್ರ ನಿರೂಪಣೆಯಲ್ಲಿ ಭಾವಪ್ರೇರಣೆಯ ವ್ಯಾಕರಣ

ಅನಾರೋಗ್ಯಕರ ಆಹಾರವನ್ನು ಕುರಿತ ಸಾಕ್ಷ್ಯಚಿತ್ರಗಳು ನೋಡುಗರ ಮನವೊಲಿಸುವುದು ಬಹುಮಟ್ಟಿಗೆ ಭಾವಗಳ ಮೂಲಕ. ಈ ಭಾವಪ್ರೇರಣೆಯನ್ನು ದೃಶ್ಯ ಮತ್ತು ಸಂಗೀತದ ನೆಲೆಯಲ್ಲಿ ವಿವೇಚಿಸುವುದು ರೂಢಿ. ನಿರೂಪಕನ ಕನ್ನಡ ವಾಕ್ಯವು ಅದರಲ್ಲಿ ವಹಿಸುವ ಪಾತ್ರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಉದಾಹರಣೆಗಳು ಇಂತಹ ನಿರೂಪಣೆಯ ಧಾಟಿಯನ್ನು ಅನುಸರಿಸಿ ನಾವೇ ರಚಿಸಿಕೊಂಡವು.

ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ವೃಷಭಾವತಿ ನದಿಗೆ ಅಡ್ಡಲಾಗಿ ಕಟ್ಟಲಾಗಿದೆ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಹರಿದು ಬಂದು ಇಲ್ಲಿ ನಿಲ್ಲುತ್ತವೆ. ಆ ನೀರಿನಲ್ಲಿ ಬೆಳೆದ ತರಕಾರಿ, ಬೇಬಿಕಾರ್ನ್, ಸೀಮೆಹುಲ್ಲು ತಿಂದ ಹಸುವಿನ ಹಾಲು ನಗರಕ್ಕೆ ಮರಳುತ್ತವೆ. ಕ್ಯಾಮೆರಾ ಮೊದಲು ಹಿಡಿಯುವುದು ನೀರಿನ ಮೇಲಿನ ನೊರೆಯನ್ನು. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂಬ ನಾಟ್ಯಶಾಸ್ತ್ರದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ: ನೊರೆ, ಆಮೇಲೆ ತಟ್ಟೆ, ಕೊನೆಗೆ ಉಣ್ಣುವ ಮಗು.

(1) ನದಿ ಕಲುಷಿತವಾಗಿದೆ.
(2) ಇದೇ ನೀರಿನಲ್ಲಿ ರೈತರು ತರಕಾರಿ ಬೆಳೆಯುತ್ತಾರೆ.
(3) ನಾವು ದಿನವೂ ವಿಷ ತಿನ್ನುತ್ತಿದ್ದೇವೆ.

‘ಆಗು’ ಧಾತುವಿಗೆ ಕರ್ತೃ ಬೇಕಿಲ್ಲ. ಕಲುಷಿತಗೊಳಿಸಿದವರು ಯಾರೆಂಬುದು (1)ರಲ್ಲಿ ಏಳದ ಪ್ರಶ್ನೆ. ಕರ್ಮಣಿ ಪ್ರಯೋಗದ ನೆರವೇ ಇಲ್ಲದೆ ಕನ್ನಡ ಇದನ್ನು ಸಾಧಿಸುತ್ತದೆ. (2)ರಲ್ಲಿ ಮಾತ್ರ ಪೂರ್ಣ ಕರ್ತೃವೊಂದು ಕಾಣಿಸಿಕೊಳ್ಳುತ್ತದೆ, ಅದು ರೈತ. ಭಯವೋ ಚತುರ್ಥಿಯ ವಿಷಯ: ನೋಡುಗನಿಗೆ ಭಯ ‘ಆಗುತ್ತದೆ’, ಅವನು ಏನನ್ನೂ ಮಾಡುವುದಿಲ್ಲ. ಹೀಗೆ ತನ್ನ ಮನೆಯ ಚರಂಡಿಯನ್ನೇ ಈ ಕೆರೆಗೆ ಹರಿಸಿದವನು ಕೇವಲ ಬಲಿಪಶುವಾಗಿ ಕುಳಿತುಕೊಳ್ಳಬಹುದು.

(3)ರ ‘ನಾವು’ ಹೆಚ್ಚು ತೊಡಕಿನದು. ತಮಿಳಿನ ನಾಮ್–ನಾಂಗಳ್, ತುಳುವಿನ ನಮ–ಎಂಕುಳು ಕೇಳುಗನನ್ನು ಒಳಗೊಳ್ಳುವ ಮತ್ತು ಹೊರಗಿಡುವ ರೂಪಗಳನ್ನು ಬೇರ್ಪಡಿಸುತ್ತವೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಆದರೂ ರೈತ ಈ ‘ನಾವು’ವಿನೊಳಗೆ ಬರುವುದಿಲ್ಲ, ಏಕೆಂದರೆ (2) ಅವನನ್ನು ಪ್ರಥಮ ಪುರುಷಕ್ಕೆ ಮೊದಲೇ ತಳ್ಳಿದೆ. ಆ ನೀರಿನ ಮಗ್ಗುಲಲ್ಲೇ ಬದುಕುವವನು ಅವನೆಂಬುದನ್ನು ವ್ಯಾಕರಣ ಮರೆಸುತ್ತದೆ.

2004ರ ‘ಸೂಪರ್ ಸೈಜ್ ಮಿ’ ಚಿತ್ರದಲ್ಲಿ ಈ ತೊಡಕಿಲ್ಲ. ಮಾರ್ಗನ್ ಸ್ಪರ್ಲಾಕ್ 30 ದಿನ ಮೆಕ್‌ಡೊನಾಲ್ಡ್ಸ್ ಆಹಾರವನ್ನಷ್ಟೇ ತಿನ್ನುತ್ತಾನೆ. ತಿನ್ನುವವನೂ ಹೇಳುವವನೂ ಒಬ್ಬನೇ ‘ನಾನು’, ಎದುರಿಗಿರುವುದು ಹೆಸರುಳ್ಳ ಕಂಪನಿ.

(4) ನಾವು ಹರಿಸಿದ ನೀರಿನಲ್ಲಿ ಬೆಳೆದುದನ್ನು ನಾವೇ ತಿನ್ನುತ್ತಿದ್ದೇವೆ.

(4)ರಲ್ಲಿ ಭಯ ಕುಗ್ಗುವುದಿಲ್ಲ, ಅದಕ್ಕೆ ನಾಚಿಕೆ ಕೂಡಿಕೊಳ್ಳುತ್ತದೆ. (3)ನ್ನು ಕೇಳಿದವರು ಆ ಊರಿನ ಸೊಪ್ಪನ್ನು ಬಿಡಬಹುದು. (4) ಚರಂಡಿ ನೀರಿನ ಸಂಸ್ಕರಣೆಯತ್ತ ಬೆರಳು ತೋರುತ್ತದೆ. ನೋಡುಗರ ಪ್ರತಿಕ್ರಿಯೆಯನ್ನು ಅಳೆಯುವ ಪ್ರಯೋಗಗಳಲ್ಲಿ ಈ ಜೋಡಿಯನ್ನು ಒರೆಗೆ ಹಚ್ಚಬೇಕೆಂಬುದು ನಮ್ಮ ಸೂಚನೆ. ಆದರೆ (4)ನ್ನು ಬೈರಮಂಗಲದ ರೈತ ಇದ್ದಂತೆಯೇ ಹೇಳಲಾರ. ಅವನ ಬಾಯಲ್ಲಿ ಮೊದಲ ‘ನಾವು’ ‘ನೀವು’ ಆಗಲೇಬೇಕು.