ವೈಯಾವೃತ್ತ್ಯ: ಹಿರಿಯರ ಮಾನ ಕಾಯುವ ತಪಸ್ಸು

ತಪಸ್ಸು ಎಂದೊಡನೆ ನಮಗೆ ನೆನಪಾಗುವುದು ಉಪವಾಸ, ರಸತ್ಯಾಗಗಳಂತಹ ಬಾಹ್ಯ ತಪಗಳು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಅಭ್ಯಂತರ ತಪಗಳನ್ನೂ ಹೇಳಿದ್ದಾರೆ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಈ ಅನುಕ್ರಮವನ್ನು ಗಮನಿಸಬೇಕು. ಸೇವೆಯೆಂಬ ವೈಯಾವೃತ್ತ್ಯಕ್ಕೆ ಮುನ್ನವೇ ವಿನಯ ಬಂದಿದೆ. ವಿನಯವಿಲ್ಲದೆ ಮಾಡಿದ ಸೇವೆ ಕೇವಲ ಕೆಲಸವಾಗುತ್ತದೆ, ತಪಸ್ಸಾಗುವುದಿಲ್ಲ.

ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ರೂ ಸೇರಿದ್ದಾರೆ. ಗ್ಲಾನರೆಂದರೆ ರೋಗದಿಂದ ಬಳಲಿದವರು. ಮೂಲದಲ್ಲಿ ಇದು ಮುನಿಸಂಘವನ್ನು ಕುರಿತ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥರ ಶಿಕ್ಷಾವ್ರತಗಳಲ್ಲಿಯೂ ಸೇರಿಸಿದರು. ಸಂಯಮಿಗಳ ಸೇವೆಯಲ್ಲಿ ಕಲಿತ ಈ ಪಾಠ ನಮ್ಮ ಮನೆಯ ನಡುಮನೆಯಲ್ಲಿ ಮಲಗಿರುವ ತಂದೆತಾಯಿಯರ ಬಳಿ ಮರೆತುಹೋಗಬಾರದು.

ಬಸದಿಯ ಜಗುಲಿಯಲ್ಲಿ ಕುಳಿತ ಹಿರಿಯರ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರು ಸಾವಿಗಿಂತಲೂ ಹೆಚ್ಚಾಗಿ ಅಂಜುವುದು ಮಾನ ಕಳೆದುಕೊಳ್ಳುವುದಕ್ಕೆ. “ವೈದ್ಯರು ನನ್ನ ನೋವನ್ನು ನನ್ನ ಮಗನಲ್ಲಿ ಕೇಳುತ್ತಾರೆ, ನಾನು ಅಲ್ಲಿಯೇ ಕುಳಿತಿರುತ್ತೇನೆ” ಎನ್ನುತ್ತಾರೆ ಒಬ್ಬರು. “ಪರದೆ ಎಳೆಯದೆಯೇ ಬಟ್ಟೆ ಬದಲಿಸಿದರು” ಎಂದು ದನಿ ತಗ್ಗಿಸಿ ಹೇಳುತ್ತಾರೆ ಇನ್ನೊಬ್ಬ ತಾಯಿ. ಐವತ್ತು ವರ್ಷ ರಾತ್ರಿ ಭೋಜನ ತ್ಯಾಗದ ವ್ರತ ಪಾಲಿಸಿದವರಿಗೆ ಆಸ್ಪತ್ರೆಯಲ್ಲಿ ಊಟ ಬರುವುದು ರಾತ್ರಿ ಎಂಟು ಗಂಟೆಗೆ. ಬೇಡವೆಂದರೆ ‘ಹಠಮಾರಿ ಮುದುಕ’ ಎಂಬ ಹೆಸರು. ಸಂಜೆ ಹೊತ್ತು ಮುಳುಗುವ ಮುನ್ನ ಎರಡು ಇಡ್ಲಿ ಒದಗಿಸುವುದು ದೊಡ್ಡ ಶ್ರಮವಲ್ಲ. ಆದರೆ ಅವರನ್ನು ಕೇಳುವವರೇ ಇಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಅಸಹ್ಯಪಡದಿರುವುದು. ಇದಕ್ಕೆ ಉದ್ದಾಯನ ಮಹಾರಾಜನ ಕಥೆ ಪ್ರಸಿದ್ಧ. ಅವನನ್ನು ಪರೀಕ್ಷಿಸಲೆಂದು ದೇವನೊಬ್ಬನು ರೋಗಪೀಡಿತ ಮುನಿಯ ವೇಷದಲ್ಲಿ ಬಂದು ಆಹಾರ ಸ್ವೀಕರಿಸಿ, ಅಲ್ಲಿಯೇ ದುರ್ಗಂಧಮಯವಾಗಿ ವಾಂತಿ ಮಾಡಿದನು. ಸೇವಕರೆಲ್ಲ ದೂರ ಸರಿದರೂ ಅರಸನು ಹೇಸಲಿಲ್ಲ. ತಾನು ನೀಡಿದ ಆಹಾರವೇ ಅಹಿತವಾಯಿತೇನೋ ಎಂದು ನೊಂದು, ತನ್ನ ಕೈಯಿಂದಲೇ ಆ ದೇಹವನ್ನು ತೊಳೆದನು. ಇಲ್ಲಿ ಸೂಕ್ಷ್ಮವೊಂದಿದೆ. ತೊಳೆದದ್ದು ಸೇವೆ, ರೋಗಿಯು ನಾಚಿಕೆಪಡದಂತೆ ದೋಷವನ್ನು ತನ್ನ ಮೇಲೆ ಎಳೆದುಕೊಂಡದ್ದು ವಿನಯ. ಹಾಸಿಗೆ ಒದ್ದೆಯಾದಾಗ ನಮ್ಮ ಮುಖದಲ್ಲಿ ಮೂಡುವ ಮುದುಡು ಹಿರಿಯರಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಭಾವಹಿಂಸೆಯೂ ಹಿಂಸೆಯೇ ಅಲ್ಲವೇ?

“ಅಜ್ಜನಿಗೆ ಮರೆವು ಬಂದಿದೆ, ಅವರಿಗೇನು ತಿಳಿಯುತ್ತದೆ?” ಎನ್ನುವವರಿದ್ದಾರೆ. ಜೀವದ ಲಕ್ಷಣ ಉಪಯೋಗ, ಅಂದರೆ ಚೈತನ್ಯದ ವ್ಯಾಪಾರ. ಜ್ಞಾನಾವರಣ ಕರ್ಮವು ಜ್ಞಾನವನ್ನು ಮರೆಮಾಡುತ್ತದೆಯೇ ಹೊರತು ನಾಶಮಾಡಲಾರದು. ಮೋಡ ಮುಚ್ಚಿದರೆ ಸೂರ್ಯನು ಇಲ್ಲವಾಗುವುದಿಲ್ಲ. ಮಕ್ಕಳ ಹೆಸರು ಮರೆತವರು ಕೂಡ ಪಂಚನಮಸ್ಕಾರ ಮಂತ್ರ ಕೇಳಿದಾಗ ಕೈಮುಗಿಯುವುದುಂಟು. ಆ ಜೀವದೊಡನೆ ಏಕವಚನದಲ್ಲಿ ಗದರಿ ಮಾತನಾಡಲು ನಮಗೆ ಅಧಿಕಾರವೆಲ್ಲಿಯದು?

ಹೆತ್ತವರ ಮತ್ತು ಹಿರಿಯ ನಾಗರಿಕರ ರಕ್ಷಣೆಗಾಗಿ 2007ರಲ್ಲಿ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಅದು ಕೊಡಿಸಬಲ್ಲದು. ತೊಂದರೆಗೊಳಗಾದ ಹಿರಿಯರು 14567 ಸಹಾಯವಾಣಿಗೆ ಕರೆ ಮಾಡಬಹುದು. ಆದರೆ ಕೋಣೆಯೊಳಗೆ ಬರುವ ಮುನ್ನ ಬಾಗಿಲು ತಟ್ಟುವ ಸೌಜನ್ಯವನ್ನು ಯಾವ ಕಾನೂನು ತಾನೇ ಕಲಿಸೀತು? ಅದು ಸಂಸ್ಕಾರದಿಂದ ಬರಬೇಕು.

ಹಗಲಿರುಳು ಶುಶ್ರೂಷೆ ಮಾಡುವ ಸೊಸೆಯೋ ಮಗಳೋ ದಾದಿಯೋ ದಣಿಯುವುದು ಸಹಜ. ಆ ಭಾರವನ್ನು ಒಬ್ಬರ ಮೇಲೆಯೇ ಹೊರಿಸಿ ಉಳಿದವರು ಬಸದಿಯಲ್ಲಿ ಪೂಜೆಗೆ ನಿಂತರೆ ಅದು ಧರ್ಮವಾಗದು. ವೈಯಾವೃತ್ತ್ಯವೂ ಹಂಚಿಕೊಂಡು ಮಾಡಬೇಕಾದ ತಪವೇ. ಹಿರಿಯರೂ ಪಡೆಯುವ ಸೇವೆಗೆ ಕುಗ್ಗಬೇಕಾಗಿಲ್ಲ. ಜೀವಗಳು ಪರಸ್ಪರ ಉಪಕಾರದಿಂದಲೇ ಬಾಳುತ್ತವೆ ಎಂಬುದು ಜಿನಧರ್ಮದ ತಿಳಿವು. ಅಂದು ಕೊಟ್ಟ ಕೈಗಳು ಇಂದು ಪಡೆಯುತ್ತವೆ.

ಮುಂದಿನ ಅಷ್ಟಮಿಯಂದು ಉಪವಾಸ ಸಾಧ್ಯವಾಗದವರು ಇನ್ನೊಂದು ನಿಯಮ ಕೈಗೊಳ್ಳಬಹುದು. ಮನೆಯ ಹಿರಿಯರ ಪಕ್ಕದಲ್ಲಿ ಅರ್ಧಗಂಟೆ ಕುಳಿತು, “ನಿಮಗೆ ಹೇಗೆ ಮಾಡಿದರೆ ಹಿತ?” ಎಂದು ಕೇಳಿ, ಅವರು ಹೇಳಿದಂತೆಯೇ ನಡೆದುಕೊಳ್ಳುವುದು. ಆ ದಿನದ ತಪಸ್ಸು ಅದೇ ಆಗಲಿ.