ಹೊರಬಡಾವಣೆಯಲ್ಲಿ ಇಟಲಿಯ ಊಟ: ಜೇಬಿಗೆ ಭಾರವಾಗದ ಹೋಟೆಲ್ ಗುರುತಿಸುವುದು ಹೇಗೆ?

ಬೆಂಗಳೂರು: ನವದೆಹಲಿಯಲ್ಲಿ 2025ರ ಡಿಸೆಂಬರ್‌ನಲ್ಲಿ ನಡೆದ ಯುನೆಸ್ಕೊ ಸಭೆಯಲ್ಲಿ ನಮ್ಮ ದೀಪಾವಳಿಯೊಂದಿಗೆ ಇಟಲಿಯ ಅಡುಗೆ ಪರಂಪರೆಯೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಆ ಅಡುಗೆ ಬೆಂಗಳೂರಿಗೆ ಹೊಸತೇನಲ್ಲ. ಪಿಜ್ಜಾ ಹಟ್ ಸಂಸ್ಥೆ ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು 1996ರಲ್ಲಿ, ಇದೇ ನಗರದಲ್ಲಿ. ಅಂದು ಇಂತಹ ಊಟಕ್ಕೆ ನಗರದ ನಡುಭಾಗಕ್ಕೇ ಬರಬೇಕಿತ್ತು. ಇಂದು ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕದಂತಹ ಹೊರಬಡಾವಣೆಗಳಲ್ಲಿಯೂ ಪಾಸ್ತಾ, ಪಿಜ್ಜಾ ಫಲಕಗಳು ಕಾಣಿಸುತ್ತವೆ.

ಆದರೆ ನಾಲ್ವರ ಕುಟುಂಬವೊಂದು ಅಂತಹ ಹೋಟೆಲ್‌ಗೆ ಹೋಗಿ ಬಂದರೆ ತಿಂಗಳ ಲೆಕ್ಕಾಚಾರವೇ ಏರುಪೇರಾಗುವುದುಂಟು. ಕೊಟ್ಟ ಹಣಕ್ಕೆ ತಕ್ಕ ಊಟ ಸಿಗುತ್ತದೆಯೇ ಎಂಬುದನ್ನು ಒಳಗೆ ಕುಳಿತ ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಲು ಸಾಧ್ಯವಿದೆ.

ಪಟ್ಟಿ ಚಿಕ್ಕದಿರಲಿ

ಮೊದಲು ನೋಡಬೇಕಾದದ್ದು ತಿನಿಸುಗಳ ಪಟ್ಟಿಯ ಉದ್ದವನ್ನು. ಪಿಜ್ಜಾ, ನೂಡಲ್ಸ್, ತಂದೂರಿ, ಬಿರಿಯಾನಿ ಎಲ್ಲವೂ ಒಂದೇ ಅಡುಗೆಮನೆಯಿಂದ ಬರುತ್ತಿದ್ದರೆ ಪಾಸ್ತಾದ ಸಾರು ಮೊದಲೇ ಮಾಡಿಟ್ಟದ್ದಾಗಿರುವ ಸಂಭವ ಹೆಚ್ಚು. ಐದಾರು ಪಾಸ್ತಾ, ಐದಾರು ಪಿಜ್ಜಾ ಮಾತ್ರ ಇರುವ ಕಡೆ ಸಾಮಗ್ರಿ ಬೇಗ ಖರ್ಚಾಗುತ್ತದೆ, ತಾಜಾತನ ಉಳಿಯುತ್ತದೆ, ವ್ಯರ್ಥವಾಗುವುದೂ ಕಡಿಮೆ. ಬೆಲೆ ಇಳಿಯಲು ಇದೂ ಒಂದು ಕಾರಣ.

ಫಲಕದ ಮೇಲಿನ ಹೆಸರನ್ನು ನಂಬಿ ಬೆಲೆ ಊಹಿಸುವಂತಿಲ್ಲ. ಇಟಲಿಯಲ್ಲಿ ‘ರಿಸ್ತೊರಾಂತೆ’ ಎಂದರೆ ಶಿಷ್ಟಾಚಾರದ ದುಬಾರಿ ತಾಣ. ‘ತ್ರಾತ್ತೊರಿಯಾ’ ಎಂದರೆ ಮನೆಯೂಟದ ಸರಳ ಹೋಟೆಲ್. ನಮ್ಮಲ್ಲಿ ಈ ಪದಗಳು ಅಲಂಕಾರಕ್ಕಷ್ಟೇ ಬಳಕೆಯಾಗುವುದು ಹೆಚ್ಚು.

ಎರಡು ಸರಳ ಪರೀಕ್ಷೆ

ಹೊಸ ಹೋಟೆಲ್‌ನಲ್ಲಿ ಮೊದಲ ಬಾರಿ ದುಬಾರಿ ತಿನಿಸು ಕೇಳುವ ಬದಲು ಅತ್ಯಂತ ಸರಳವಾದ ಎರಡನ್ನು ತರಿಸಿಕೊಳ್ಳುವುದು ಜಾಣತನ. ಒಂದು, ‘ಆಲಿಯೊ ಎ ಓಲಿಯೊ’. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ ಇಷ್ಟೇ ಇದರ ಸಾಮಗ್ರಿ. ಬೆಳ್ಳುಳ್ಳಿ ಸೀದಿದ್ದರೆ, ಎಣ್ಣೆ ಹಳತಾಗಿದ್ದರೆ ಅಥವಾ ಪಾಸ್ತಾ ಮುದ್ದೆಯಾಗಿದ್ದರೆ ಮರೆಮಾಚಲು ಇಲ್ಲಿ ಕೆನೆಯಾಗಲಿ ಚೀಸ್ ಆಗಲಿ ಇರುವುದಿಲ್ಲ. ಪಾಸ್ತಾ ಹಲ್ಲಿಗೆ ತುಸು ಗಟ್ಟಿಯಾಗಿ ಸಿಗಬೇಕು; ಇದನ್ನೇ ಇಟಲಿಯವರು ‘ಆಲ್ ದೆಂತೆ’ ಎನ್ನುತ್ತಾರೆ.

ಎರಡು, ‘ಮಾರ್ಗರೀಟಾ’ ಪಿಜ್ಜಾ. ಟೊಮೆಟೊ, ಮೊಜರೆಲ್ಲಾ, ಇಟಲಿಯ ತುಳಸಿಯಾದ ಬೇಸಿಲ್, ಇಷ್ಟರಲ್ಲೇ ಅಡುಗೆಯವರ ಕೈಗುಣ ತಿಳಿಯುತ್ತದೆ. ನೇಪಲ್ಸ್ ಪದ್ಧತಿಯಲ್ಲಿ ಸೌದೆ ಒಲೆಯ ಬಿಸಿ 430 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿದ್ದರೆ ಅದು ದೋಷವಲ್ಲ, ಒಲೆ ಸರಿಯಾಗಿ ಕಾದಿದೆ ಎಂಬುದರ ಗುರುತು.

ಗೋಧಿಯ ನಂಟು

ಇಟಲಿಯ ಕಾನೂನಿನ ಪ್ರಕಾರ ಅಲ್ಲಿನ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ಮೈದಾ ಬೆರೆತ ಅಗ್ಗದ ಪಾಸ್ತಾ ಬೇಗ ಅಂಟಂಟಾಗಲು ಕಾರಣ ಇಲ್ಲಿದೆ. ಕನ್ನಡಿಗರಿಗೆ ಈ ವಿಷಯ ಅಪರಿಚಿತವಲ್ಲ. ಉತ್ತರ ಕರ್ನಾಟಕದಲ್ಲಿ ಶಾವಿಗೆಗೆ ಜವೆ ಗೋಧಿಯನ್ನು ಆರಿಸುವುದೂ ಎಳೆ ಮುರಿಯಬಾರದು, ಬೆಂದಾಗ ಕರಗಬಾರದು ಎಂಬ ಉದ್ದೇಶದಿಂದಲೇ. ಈ ಜವೆ ಗೋಧಿ ಡ್ಯೂರಮ್‌ನ ಪೂರ್ವಜ. ಇಟಲಿಯಲ್ಲಿ ಅದರ ಹೆಸರು ‘ಫಾರ್ರೊ’.

ಚೀಸ್ ಯಾವುದು?

ಬೆಲೆಯ ಗುಟ್ಟು ಬಹುಮಟ್ಟಿಗೆ ಚೀಸ್‌ನಲ್ಲಿ ಅಡಗಿದೆ. ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯಜನ್ಯ ಎಣ್ಣೆ ಬಳಸಿದ ‘ಅನಲಾಗ್’ ಉತ್ಪನ್ನ ಅಗ್ಗ; ಅದನ್ನು ಚೀಸ್ ಎಂದು ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮಗಳಲ್ಲಿ ಅವಕಾಶವಿಲ್ಲ. ಬಳಸುವುದು ಹಾಲಿನ ಚೀಸೇ ಎಂದು ಕೇಳಲು ಗ್ರಾಹಕರು ಸಂಕೋಚಪಡಬೇಕಿಲ್ಲ. ಒಳ್ಳೆಯ ಚೀಸ್ ವಿದೇಶದಿಂದಲೇ ಬರಬೇಕೆಂದೂ ಇಲ್ಲ. ಬೆಂಗಳೂರಿನ ಹೊರವಲಯದ ತುಮಕೂರು ರಸ್ತೆಯಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ‘ವಲ್ಲೊಂಬ್ರೊಸಾ’ ಹೆಸರಿನಲ್ಲಿ ಇಟಲಿ ಶೈಲಿಯ ಚೀಸ್ ತಯಾರಿಸುತ್ತಾ ಬಂದಿದ್ದಾರೆ.

ಸಸ್ಯಾಹಾರಿಗಳು ಇನ್ನೊಂದನ್ನು ವಿಚಾರಿಸಬೇಕು. ಇಟಲಿಯ ಮೂಲ ‘ಪಾರ್ಮಿಜಾನೊ ರೆಜ್ಜಾನೊ’ ಚೀಸ್‌ಗೆ ಕರುವಿನ ಜಠರದಿಂದ ಪಡೆದ ರೆನೆಟ್ ಬಳಸಿ ಹಾಲು ಒಡೆಸುತ್ತಾರೆ. ತಿನಿಸಿನಲ್ಲಿ ಮಾಂಸವಿಲ್ಲ ಎಂದ ಮಾತ್ರಕ್ಕೆ ಚೀಸ್ ಕೂಡ ಸಸ್ಯಾಹಾರಿ ಎಂದು ಭಾವಿಸುವಂತಿಲ್ಲ.

ಬಿಲ್ ಓದುವುದು ಹೇಗೆ?

ಸಾಮಾನ್ಯ ಹೋಟೆಲ್‌ಗಳಲ್ಲಿ ಊಟದ ಮೇಲಿನ ಜಿಎಸ್‌ಟಿ ಶೇ 5. ದುಬಾರಿ ಕೊಠಡಿಗಳಿರುವ ದೊಡ್ಡ ಹೋಟೆಲ್‌ಗಳ ಆವರಣದಲ್ಲಿ ಇದು ಶೇ 18ರಷ್ಟಾಗುತ್ತದೆ. ಅಂದರೆ 1,000 ರೂಪಾಯಿ ಊಟಕ್ಕೆ ಸಾಮಾನ್ಯ ಹೋಟೆಲ್‌ನಲ್ಲಿ 1,050 ರೂಪಾಯಿ ಸಾಕು. ಅದೇ ಬಿಲ್‌ಗೆ ಶೇ 10 ಸೇವಾ ಶುಲ್ಕ ಸೇರಿಸಿ, ಅದರ ಮೇಲೂ ತೆರಿಗೆ ಹಾಕಿದರೆ ಮೊತ್ತ 1,155 ರೂಪಾಯಿಗೆ ಏರುತ್ತದೆ.

ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್‌ಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಶುಲ್ಕ ತೆಗೆಯಲು ಹೋಟೆಲ್‌ನವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಸೇವೆ ಮೆಚ್ಚುಗೆಯಾದರೆ ಬಡಿಸಿದವರ ಕೈಗೇ ಭಕ್ಷೀಸು ಕೊಡಲು ಅಡ್ಡಿಯಿಲ್ಲ.

ಉಳಿತಾಯದ ದಾರಿ

ಮಾಲ್‌ಗಳ ಬಾಡಿಗೆ ಹೆಚ್ಚು; ಅದು ತಟ್ಟೆಯ ಬೆಲೆಗೂ ಸೇರಿಕೊಳ್ಳುತ್ತದೆ. ಬಡಾವಣೆಯ ಒಳರಸ್ತೆಯ ಚಿಕ್ಕ ಹೋಟೆಲ್‌ಗಳನ್ನು ಮೊದಲು ವಿಚಾರಿಸುವುದು ಮೇಲು. ಐಟಿ ಕಚೇರಿಗಳಿರುವ ಪ್ರದೇಶಗಳಲ್ಲಿ ವಾರದ ದಿನಗಳ ಮಧ್ಯಾಹ್ನ ನಿಗದಿತ ಬೆಲೆಯ ಊಟ ನೀಡುವವರಿದ್ದಾರೆ. ಮನೆಗೆ ತರಿಸುವ ಮುನ್ನ ಆ್ಯಪ್‌ನಲ್ಲಿರುವ ಬೆಲೆಯನ್ನು ಹೋಟೆಲ್‌ನ ಬೆಲೆಯೊಂದಿಗೆ ಹೋಲಿಸಿ ನೋಡುವುದು ಒಳಿತು. ಬಾಟಲಿ ನೀರಿನ ಬದಲು ಮಾಮೂಲಿ ಕುಡಿಯುವ ನೀರು ಕೇಳಿದರೂ ಒಂದಿಷ್ಟು ಉಳಿಯುತ್ತದೆ.

ಇಟಲಿಯ ಅಡುಗೆಯ ಬಹುಪಾಲು ಹುಟ್ಟಿದ್ದು ರೈತರ, ಕೂಲಿಕಾರರ ಮನೆಗಳಲ್ಲಿ. ಹಿಟ್ಟು, ಎಣ್ಣೆ, ಬೆಳ್ಳುಳ್ಳಿ, ಕಾಳು, ಸೊಪ್ಪು ಅದರ ಆಧಾರ. ಅಂತಹ ಊಟ ನಮ್ಮ ಮಧ್ಯಮವರ್ಗದ ಕೈಗೆಟುಕದಿದ್ದರೆ ಅದಕ್ಕೆ ಅಡುಗೆಗಿಂತ ಅಲಂಕಾರವೇ ಹೆಚ್ಚು ಕಾರಣ. ಮುಂದಿನ ಬಾರಿ ಪಟ್ಟಿ ಕೈಗೆ ಬಂದಾಗ ಗ್ರಾಹಕರು ಕಣ್ಣು ಹಾಯಿಸಬೇಕಾದದ್ದು ಅದರ ಅತ್ಯಂತ ಸರಳ ತಿನಿಸಿನ ಕಡೆಗೆ.